ಎರಡು ಚಂದ್ರರ ಅಮಾವಾಸ್ಯೆ

ಅಜ್ಜಂಪುರದ ಸುತ್ತಮುತ್ತ ಯಾರನ್ನಾದರೂ ದಾರಿ ಕೇಳುವವರು ಐದು ನಿಮಿಷ ನಿಲ್ಲಲು ತಯಾರಾಗಿರಬೇಕು. "ಹಿಂಗೇ ಹೋಗಿ, ಕಾವಲು ಸಿಗುತ್ತೆ. ಕಾವಲು ದಾಟಿದ ಮೇಲೆ ಒಂದು ಒಂಟಿ ಹುಣಸೇಮರ. ಅಲ್ಲಿ ಎಡಕ್ಕೆ ತಿರುಗಬೇಕು ಅನ್ನಿಸುತ್ತೆ, ತಿರುಗಬೇಡಿ. ಮುಂದೆ ಒಂದು ಕಟ್ಟೆ, ನೀರಿರಲ್ಲ. ಅದರ ಏರಿ ಮೇಲೆ ಹೋಗ್ತಿದ್ರೆ ನಾಯಿ ಬೊಗಳುತ್ತೆ. ಆ ನಾಯಿ ಮನೆಯೋರನ್ನ ಕೇಳಿ, ಹೇಳ್ತಾರೆ." ಕಾವಲು ಎಂದರೆ ಅಮೃತಮಹಲ್ ಕಾವಲು. ಮೈಸೂರು ಅರಸರ, ಆಮೇಲೆ ಹೈದರ್ ಮತ್ತು ಟಿಪ್ಪುವಿನ ಸೈನ್ಯದ ಸಾಮಾನು ಎಳೆದ ದನಗಳ ತಳಿಗೆಂದು ಬಿಟ್ಟ ಹುಲ್ಲುಗಾವಲು. ಎತ್ತ ತಿರುಗಿದರೂ ಒಂದೇ ಥರ ಕಾಣುವ ಆ ಬಯಲಿನಲ್ಲಿ ಹುಣಸೇಮರ ಮತ್ತು ನಾಯಿಗಳೇ ಮೈಲಿಗಲ್ಲು.

2025ರ ದೀಪಾವಳಿಗೆ ಬೆಂಗಳೂರಿನಿಂದ ಕಾರಿನಲ್ಲಿ ಬಂದ ನನ್ನ ಗೆಳೆಯನ ಮಗಳು ಈ ಕಾವಲಿನಲ್ಲಿ ದಾರಿ ತಪ್ಪಿದಳು. ಫೋನಿನ ನಕ್ಷೆಯ ಬಾಣ ಅವಳನ್ನು ಒಂದು ಗಾಡಿ ಜಾಡಿಗೆ ಕರೆದುಕೊಂಡು ಹೋಗಿ, ಮುಳ್ಳುತಂತಿಯ ಬೇಲಿಯ ಮುಂದೆ ನಿಲ್ಲಿಸಿ, ನೀವು ತಲುಪಿದ್ದೀರಿ ಎಂದು ಹೇಳಿತಂತೆ. ಕುರಿ ಕಾಯುವವರೊಬ್ಬರನ್ನು ಕೇಳಿಕೊಂಡು ಒಂದು ಗಂಟೆ ತಡವಾಗಿ ಬಂದಳು. ಹಬ್ಬದ ಊಟ ಮುಗಿಸಿ ಜಗಲಿಯ ಮೇಲೆ ಕೂತಾಗ ನಾನು ತಮಾಷೆಗೆ ಒಂದು ಮಾತು ಅಂದೆ. "ನೀವು ಮಾಡೋ ಆಟಗಳಲ್ಲೂ ಇದೇ ಬಾಣ ಅಲ್ಲವೇನಮ್ಮ? ಬಾಣ ನೋಡಿಕೊಂಡು ಓಡೋದು. ಅದರಲ್ಲಿ ಆಟ ಎಲ್ಲಿ ಬಂತು?" ಅವಳು ವೀಡಿಯೋ ಆಟಗಳಿಗೆ ಚಿತ್ರ ಸಿದ್ಧಪಡಿಸುವ ಕೆಲಸದಲ್ಲಿದ್ದಾಳೆ. ನಕ್ಕಾಳು ಅಂದುಕೊಂಡಿದ್ದೆ. ನಗಲಿಲ್ಲ. "ಅಂಕಲ್, ಒಂದು ಮರ ಮಾಡೋಕೆ ನನಗೆ ಆರು ವಾರ ಆಯ್ತು. ತೊಗಟೆಯ ಸಂದಿಯ ಪಾಚಿ ಕೂಡ ಬಿಡಿಸಿದೀನಿ. ನೀವೂ ಅಪ್ಪನೂ ಆಡಿದ್ರಲ್ಲ, ಅದರಲ್ಲಿ ಮರ ಹೇಗಿತ್ತು?"

ನಾವು ಆಡಿದ ಆಟದಲ್ಲಿ ಮರ ಎಂದರೆ ನಾಲ್ಕಾರು ಹಸಿರು ಚುಕ್ಕೆ. ನಮ್ಮ ಪರದೆಗೆ ಬಣ್ಣ ಇರಲಿಲ್ಲವಾದ್ದರಿಂದ ಅದೂ ಬೂದು ಚುಕ್ಕೆ. ಹಾಗೆಂದು ಹೇಳಿದೆ. ಅವಳು ಒಳಗೆ ಎದ್ದು ಹೋದಳು. ಹಬ್ಬದ ದಿನ ಹುಡುಗಿಯ ಮನಸ್ಸು ನೋಯಿಸಿದೆನಲ್ಲ ಎಂದು ನನಗೆ ಕಸಿವಿಸಿಯಾಯಿತು. ಆದರೆ ಹೇಳಿದ ಮಾತನ್ನು ಪೂರ್ತಿ ಹಿಂದಕ್ಕೆ ತೆಗೆದುಕೊಳ್ಳಲೂ ಮನಸ್ಸು ಬರಲಿಲ್ಲ. ಹಳೆಯದು ಚೆನ್ನಾಗಿತ್ತು ಎಂದು ಹೇಳುವ ವಯಸ್ಸು ನನಗೆ ಬಂದಿದೆಯೋ, ಅಥವಾ ನಿಜವಾಗಿಯೂ ಏನಾದರೂ ಕಳೆದುಹೋಗಿದೆಯೋ ಎಂಬುದನ್ನು ನನಗೆ ನಾನೇ ಹೇಳಿಕೊಳ್ಳಬೇಕಾಯಿತು.

ಅವಳ ಅಪ್ಪನೂ ನಾನೂ ಆ ಆಟ ಆಡಿದ್ದು 1996-97ರಲ್ಲಿ. ಅಜ್ಜಂಪುರ ಆಗ ತರೀಕೆರೆ ತಾಲ್ಲೂಕಿಗೆ ಸೇರಿದ ಹೋಬಳಿ, ತಾಲ್ಲೂಕಾದದ್ದು ಈಚೆಗೆ. ಪಿಯುಸಿ ಮುಗಿಸಿ ನಾವಿಬ್ಬರೂ ಹತ್ತಿರದ ಪಟ್ಟಣವೊಂದಕ್ಕೆ ಕಂಪ್ಯೂಟರ್ ಕಲಿಯಲು ಹೋಗುತ್ತಿದ್ದೆವು. ಕಲಿಯುವುದೆಂದರೆ ವರ್ಡ್‌ಸ್ಟಾರ್, ಲೋಟಸ್, ಡಿ-ಬೇಸ್. ಚಪ್ಪಲಿ ಹೊರಗೆ ಬಿಟ್ಟು, ಕಾಲು ಒರೆಸಿಕೊಂಡು ಒಳಗೆ ಹೋಗಬೇಕು. ದೇವಸ್ಥಾನದಲ್ಲೂ ಅಷ್ಟು ಮಡಿ ಇರಲಿಲ್ಲ. ಭಾನುವಾರ ಬಂದು ಕೋಣೆ ಗುಡಿಸಿ, ಯಂತ್ರಗಳ ಮೇಲಿನ ಬಟ್ಟೆ ಕೊಡವಿ ಹಾಕಿದರೆ ಮಧ್ಯಾಹ್ನದವರೆಗೆ ಒಂದು ಯಂತ್ರ ನಮ್ಮದು ಎಂದು ಒಪ್ಪಂದವಾಗಿತ್ತು. ಗೆಳೆಯನ ಸಂಬಂಧಿಕರೊಬ್ಬರು ಬೆಂಗಳೂರಿನಿಂದ ತಂದ ಒಂದು ಫ್ಲಾಪಿಯ ಮೇಲೆ ಪೆನ್ಸಿಲಿನಲ್ಲಿ "ಯು 4" ಎಂದು ಬರೆದಿತ್ತು. ಅದೇ ಅಲ್ಟಿಮಾ ನಾಲ್ಕು. ಅಮೆರಿಕದಲ್ಲಿ 1985ರಲ್ಲಿ ಬಂದ ಆಟ ನಮ್ಮ ಕೈಗೆ ಹನ್ನೊಂದು ವರ್ಷ ತಡವಾಗಿ ಸಿಕ್ಕಿತು. ತಡವಾಯಿತೆಂದು ನಮಗೆ ಹೇಳುವವರಾದರೂ ಯಾರಿದ್ದರು?

ಆಗ ನಮ್ಮ ಕಡೆ ವೀಡಿಯೋ ಗೇಮ್ ಎಂದರೆ ಟೀವಿಗೆ ಸಿಕ್ಕಿಸುವ ಡಬ್ಬಿ, ಅದಕ್ಕೆ ಹಳದಿ ಕ್ಯಾಸೆಟ್ಟು, ಅದರೊಳಗೆ ಮಾರಿಯೊ ಅಥವಾ ಕಾಂಟ್ರಾ. ಹಾರಬೇಕು, ಸುಡಬೇಕು, ಸತ್ತರೆ ಮೊದಲಿನಿಂದ ಶುರು ಮಾಡಬೇಕು. ಈ ಫ್ಲಾಪಿಯ ಆಟ ಹಾಗಿರಲಿಲ್ಲ. ಹಾಕಿದ ಕೂಡಲೇ ಒಬ್ಬ ಅಲೆಮಾರಿ ಹೆಂಗಸು ಕಣಿ ಹೇಳುವವಳ ಹಾಗೆ ಎಲೆಗಳನ್ನು ಹರಡಿ ನಮ್ಮನ್ನೇ ಪ್ರಶ್ನೆ ಕೇಳತೊಡಗಿದಳು. ಯಾರಿಗೋ ತಲುಪಿಸಲು ಕೊಟ್ಟ, ಎಣಿಸದ ಹಣದ ಚೀಲ ನಿನ್ನ ಕೈಯಲ್ಲಿದೆ. ದಾರಿಯಲ್ಲಿ ಭಿಕ್ಷುಕ ಸಿಕ್ಕಿದ. ಒಂದು ನಾಣ್ಯ ಕೊಡುತ್ತೀಯೋ ಇಲ್ಲವೋ? ಇಂಥವು ಏಳು ಪ್ರಶ್ನೆ. ಸರಿ ತಪ್ಪು ಎಂದಿಲ್ಲ. ಪ್ರಾಮಾಣಿಕತೆ ದೊಡ್ಡದೋ ದಯೆ ದೊಡ್ಡದೋ, ಶೌರ್ಯವೋ ವಿನಯವೋ, ನಮ್ಮ ಉತ್ತರದಿಂದ ನಾವು ಯಾರೆಂದು ಆಟವೇ ನಿರ್ಧರಿಸುತ್ತದೆ. ಅರ್ಧ ಪದಗಳು ನಮಗೆ ಗೊತ್ತಿರಲಿಲ್ಲ. ಮುಂದಿನ ಭಾನುವಾರ ನಿಘಂಟು ಹಿಡಿದುಕೊಂಡೇ ಹೋದೆವು. ಎಲ್ಲಾ ಪ್ರಶ್ನೆಗೂ ಒಳ್ಳೆಯ ಹುಡುಗರ ಹಾಗೆ ವಿನಯದ ಉತ್ತರ ಕೊಟ್ಟದ್ದರ ಫಲವಾಗಿ ಆಟ ನಮ್ಮನ್ನು ಕುರಿ ಕಾಯುವವನನ್ನಾಗಿ ಮಾಡಿತು. ಗೆಳೆಯ ಹೊಟ್ಟೆ ಹಿಡಿದುಕೊಂಡು ನಕ್ಕ. "ಇಲ್ಲೂ ಕಾವಲೇ ಗತಿ ಕಣೋ."

ಆ ಆಟದಲ್ಲಿ ಕುರುಬನ ಪಾತ್ರ ಎಲ್ಲಕ್ಕಿಂತ ದುರ್ಬಲ. ಅವನು ಶುರುವಾಗುವ ಜಾಗವೂ ಹಾಗೇ: ಸುತ್ತ ಸಮುದ್ರ, ಹತ್ತಿರದಲ್ಲಿ ಮ್ಯಾಜಿನ್ಷಿಯಾ ಎಂಬ ಹಾಳೂರು. ಅಹಂಕಾರದಿಂದ ನಾಶವಾದ ಊರು ಅದು, ಅಲ್ಲಿ ಇರುವುದು ದೆವ್ವಗಳು. ದೋಣಿ ಇಲ್ಲ. ಮೂರು ಭಾನುವಾರ ಆ ದ್ವೀಪದಲ್ಲೇ ಸುತ್ತಿದೆವು. ಕೊನೆಗೆ ಪರದೆಯ ಮೇಲ್ತುದಿಯಲ್ಲಿ ಎರಡು ಸಣ್ಣ ಚಂದ್ರರಿದ್ದಾರೆ, ಅವು ಬೆಳೆಯುತ್ತವೆ ಕರಗುತ್ತವೆ ಎಂಬುದನ್ನು ಗೆಳೆಯ ಕಂಡುಹಿಡಿದ. ಒಂದು ಚಂದ್ರ ಒಂದು ಕಳೆಗೆ ಬಂದಾಗ ನೆಲದಿಂದ ಒಂದು ಬಾಗಿಲು ಏಳುತ್ತಿತ್ತು; ಒಳಹೊಕ್ಕರೆ ಬೇರೆ ಊರು. ಯಾವ ಊರು ಎಂಬುದು ಇನ್ನೊಂದು ಚಂದ್ರನ ಲೆಕ್ಕ. ಅವನ ಅಜ್ಜ ಪಂಚಾಂಗ ನೋಡುತ್ತಿದ್ದವರು. ಇವನು ಒಂದು ಚೌಕಳಿ ಪುಸ್ತಕ ತಂದು ಆ ದೇಶದ ಪಂಚಾಂಗ ಬರೆಯಲು ಕೂತ. ಚಂದ್ರನ ಕಳೆ, ಬಾಗಿಲು, ಊರು. ನಾನು ಎದುರು ಪುಟದಲ್ಲಿ ನಕ್ಷೆ ಬರೆದೆ. ಒಂದು ಚೌಕ ಒಂದು ಹೆಜ್ಜೆ.

ಈ ಬಗೆಯ ಆಟಕ್ಕೆ ಇಂಗ್ಲಿಷಿನಲ್ಲಿ ರೋಲ್ ಪ್ಲೇಯಿಂಗ್ ಗೇಮ್ ಎನ್ನುತ್ತಾರೆ, ಪಾತ್ರ ವಹಿಸುವ ಆಟ. ಅದರ ಮೂಲ ಕಂಪ್ಯೂಟರಿನಲ್ಲಿಲ್ಲ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಇಬ್ಬರು 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಪುಸ್ತಕಗಳ ಪೆಟ್ಟಿಗೆಯೊಂದನ್ನು ಒಂದು ಸಾವಿರ ಪ್ರತಿ ಅಚ್ಚು ಹಾಕಿಸಿ ಮಾರಿದರು. ಮೇಜಿನ ಸುತ್ತ ನಾಲ್ಕೈದು ಜನ, ದಾಳ, ಪೆನ್ಸಿಲು, ಮತ್ತು ಕಥೆ ನಡೆಸುವ ಒಬ್ಬ. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರ. "ಬಾಗಿಲು ತಳ್ಳುತ್ತೇನೆ" ಎಂದು ಒಬ್ಬ ಹೇಳಿದರೆ ಬಾಗಿಲ ಹಿಂದೆ ಏನಿದೆ ಎಂದು ನಡೆಸುವವ ಹೇಳುತ್ತಾನೆ. ಆ ಐದನೆಯವನ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವ ಯತ್ನವೇ 1981ರಲ್ಲಿ ಬಂದ ಅಲ್ಟಿಮಾ ಮತ್ತು ವಿಝಾರ್ಡ್ರಿ. ಅವೆರಡನ್ನೂ ನೋಡಿ ಜಪಾನಿನವರು 1986ರಲ್ಲಿ ಡ್ರ್ಯಾಗನ್ ಕ್ವೆಸ್ಟ್, 1987ರಲ್ಲಿ ಫೈನಲ್ ಫ್ಯಾಂಟಸಿ ಮಾಡಿದರು. ಅದು ಬೇರೆಯದೇ ದೊಡ್ಡ ಶಾಖೆ. ನನಗೆ ಅದರ ಒಡನಾಟ ಕಡಿಮೆ.

ಅಲ್ಟಿಮಾ ಮಾಡಿದ ರಿಚರ್ಡ್ ಗ್ಯಾರಿಯಟ್ ಟೆಕ್ಸಾಸಿನಲ್ಲಿ ಬೆಳೆದವನು. ಅಪ್ಪ ಓವನ್ ಗ್ಯಾರಿಯಟ್ ಗಗನಯಾತ್ರಿ, 1973ರಲ್ಲಿ ಸ್ಕೈಲ್ಯಾಬಿನಲ್ಲಿ ಇದ್ದವರು. ಮಗ 2008ರಲ್ಲಿ ತನ್ನ ದುಡ್ಡು ಕೊಟ್ಟು ತಾನೂ ಹೋಗಿಬಂದ. ಮೊದಲ ಆಟವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಅಂಗಡಿಯಲ್ಲಿ ತೂಗುಹಾಕಿ ಮಾರಿದ ಹುಡುಗ ಅವನು. ಮೂರು ಅಲ್ಟಿಮಾ ಆದ ಮೇಲೆ ಆಡುವವರ, ಅವರ ಅಪ್ಪ ಅಮ್ಮಂದಿರ ಪತ್ರಗಳನ್ನು ಓದಿದಾಗ ಅವನಿಗೆ ಒಂದು ವಿಷಯ ಹೊಳೆಯಿತಂತೆ: ತನ್ನ ಆಟದಲ್ಲಿ ಜನ ರಾಕ್ಷಸನನ್ನು ಕೊಲ್ಲಲು ಹೋಗುವ ದಾರಿಯಲ್ಲಿ ಅಂಗಡಿ ಕದಿಯುತ್ತಾರೆ, ಊರಿನವರನ್ನೂ ಕೊಲ್ಲುತ್ತಾರೆ, ಕೊನೆಗೆ ವೀರನೆಂದು ಕರೆಸಿಕೊಳ್ಳುತ್ತಾರೆ. ನಾಲ್ಕನೆಯದರಲ್ಲಿ ರಾಕ್ಷಸನನ್ನೇ ತೆಗೆದುಹಾಕಿದ. ಎಂಟು ಗುಣಗಳನ್ನು ಇಟ್ಟ. ಅವುಗಳಲ್ಲಿ ಪೂರ್ಣನಾಗುವುದೇ ಗೆಲ್ಲುವುದು. ಹಾಗೆ ಪೂರ್ಣನಾದವನಿಗೆ ಒಂದು ಹೆಸರು ಬೇಕಿತ್ತು. ನಮ್ಮ ಪುರಾಣಗಳಿಂದ "ಅವತಾರ" ಎಂಬ ಪದ ತೆಗೆದುಕೊಂಡ. ಇಂದು ಫೋನಿನಲ್ಲಿ ಹಾಕಿಕೊಳ್ಳುವ ಕಾರ್ಟೂನು ಮುಖಕ್ಕೂ ಆ ಹೆಸರೇ. ಮತ್ಸ್ಯ ಕೂರ್ಮಗಳ ಪದ ಟೆಕ್ಸಾಸಿಗೆ ಹೋಗಿ ಫ್ಲಾಪಿಯಲ್ಲಿ ಅಜ್ಜಂಪುರದ ಹುಡುಗರ ಕೈಗೆ ವಾಪಸು ಬಂತು ಎನ್ನುವುದು ನನಗೆ ಈಗಲೂ ಖುಷಿ ಕೊಡುವ ಸಂಗತಿ.

ಗುಣಗಳ ಲೆಕ್ಕವನ್ನು ಆಟ ನಮಗೆ ತೋರಿಸುತ್ತಿರಲಿಲ್ಲ. ಒಂದು ಅಂಗಡಿಯಲ್ಲಿ ಕುರುಡಿ ಹೆಂಗಸು ಮೂಲಿಕೆ ಮಾರುತ್ತಾಳೆ. ಇಷ್ಟು ದುಡ್ಡಾಯಿತು ಎಂದು ಹೇಳುತ್ತಾಳೆ, ಎಷ್ಟು ಕೊಡುತ್ತೀ ಎಂದು ಕೇಳುತ್ತಾಳೆ. ಎಷ್ಟು ಎಂದು ನಾವು ಒತ್ತಿದರೆ ಅಷ್ಟನ್ನು ನಂಬಿ ತೆಗೆದುಕೊಳ್ಳುತ್ತಾಳೆ. ಗೆಳೆಯ ನನ್ನ ಮುಖ ನೋಡಿದ. ಒಂದು ನಾಣ್ಯ ಎಂದು ಒತ್ತಿದೆವು. ಏನೂ ಆಗಲಿಲ್ಲ. ಗಂಟೆ ಬಾರಿಸಲಿಲ್ಲ, ಕೆಂಪು ದೀಪ ಹತ್ತಲಿಲ್ಲ. ಚೀಲ ತುಂಬ ಮೂಲಿಕೆ. ಆಮೇಲೆ ಎಂಟು ಹತ್ತು ಸಲ ಹಾಗೇ ಮಾಡಿದೆವು. ಎರಡು ತಿಂಗಳಾದ ಮೇಲೆ ರಾಜನ ಅರಮನೆಯಲ್ಲಿ ಹಾಕ್‌ವಿಂಡ್ ಎಂಬ ಜ್ಞಾನಿಯೊಬ್ಬನ ಹತ್ತಿರ ನಮ್ಮ ಪ್ರಾಮಾಣಿಕತೆ ಎಷ್ಟಾಗಿದೆ ಎಂದು ಕೇಳಿದೆವು. ಅವನು ಕೊಟ್ಟ ಉತ್ತರದಲ್ಲಿ ನಮ್ಮನ್ನು ಕಳ್ಳರೆಂದು ಕರೆದದ್ದು ನಿಘಂಟು ನೋಡದೆಯೇ ತಿಳಿಯಿತು. ಅಂದು ಬಸ್ಸಿನಲ್ಲಿ ವಾಪಸು ಬರುವಾಗ ಇಬ್ಬರೂ ಮಾತಾಡಲಿಲ್ಲ. ಆಟದೊಳಗಿನ ಕುರುಡಿ, ಬರೀ ಚುಕ್ಕೆಗಳು. ಆದರೂ ಕಣ್ಣಿಲ್ಲದವಳಿಗೆ ಮೋಸ ಮಾಡಿದವರು ನಾವೇ ಆಗಿದ್ದೆವು. ಮಾಡಿ ಎಂದು ಆಟ ಹೇಳಿರಲಿಲ್ಲ, ಬೇಡ ಎಂದೂ ಹೇಳಿರಲಿಲ್ಲ. ಮುಂದಿನ ನಾಲ್ಕು ಭಾನುವಾರ ಅವಳಿಗೆ ಕೇಳಿದ್ದಕ್ಕಿಂತ ಜಾಸ್ತಿಯೇ ಕೊಟ್ಟೆವು.

ನಮ್ಮ ಪ್ರತಿಗೆ ಪುಸ್ತಕ ಇರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಅಸಲಿ ಪೆಟ್ಟಿಗೆಯಲ್ಲಿ ಬಟ್ಟೆಯ ಮೇಲೆ ಅಚ್ಚು ಹಾಕಿದ ನಕ್ಷೆ, ಮಂತ್ರಗಳ ಪುಸ್ತಕ, ಲೋಹದ ಒಂದು ಸಣ್ಣ ತಾಯಿತ ಎಲ್ಲಾ ಇದ್ದವು. ಆ ಕಾಲದ ಫ್ಲಾಪಿಯಲ್ಲಿ ಜಾಗ ಕಡಿಮೆಯಾದ್ದರಿಂದ ಅರ್ಧ ಆಟ ಕಾಗದದ ಮೇಲೆ ಇರುತ್ತಿತ್ತು. 1988ರ ಪೂಲ್ ಆಫ್ ರೇಡಿಯನ್ಸ್ ಎಂಬ ಆಟವಂತೂ ಕಥೆಯ ಮುಖ್ಯ ಜಾಗ ಬಂದಾಗ ಪುಸ್ತಕದ ಇಂತಿಷ್ಟನೆಯ ಪ್ಯಾರಾ ಓದಿ ಎಂದು ಹೇಳಿ ಸುಮ್ಮನಾಗುತ್ತಿತ್ತು; ಮುಂಚೆಯೇ ಓದಿಬಿಡುವ ಆತುರಗಾರರಿಗೆಂದು ಆ ಪುಸ್ತಕದಲ್ಲಿ ಸುಳ್ಳು ಪ್ಯಾರಾಗಳೂ ಇದ್ದವು. ಕದ್ದ ಪ್ರತಿ ಇಟ್ಟುಕೊಂಡ ನಮ್ಮಂಥವರಿಗೆ ಅರ್ಧ ಆಟವೇ ಗತಿ. ಮಂತ್ರ ಹಾಕಲು ಯಾವ ಮೂಲಿಕೆಗೆ ಯಾವುದನ್ನು ಬೆರೆಸಬೇಕೆಂದು ಗೊತ್ತಿಲ್ಲ. ಬೂದಿ, ಬೆಳ್ಳುಳ್ಳಿ, ಜಿನ್ಸೆಂಗ್ ಬೇರು, ಜೇಡರ ಬಲೆ, ಕಪ್ಪು ಮುತ್ತು, ಹೀಗೆ ಎಂಟು ವಸ್ತು. ಒಂದೊಂದಾಗಿ ಬೆರೆಸಿ ನೋಡಿ ಪುಸ್ತಕದಲ್ಲಿ ಬರೆದುಕೊಂಡೆವು. ವಿಷ ಇಳಿಸಲು ಜಿನ್ಸೆಂಗಿಗೆ ಬೆಳ್ಳುಳ್ಳಿ ಬೆರೆಸಬೇಕೆಂದು ತಿಳಿದ ದಿನ ಗೆಳೆಯ, "ನಮ್ಮಜ್ಜಿಯನ್ನ ಕೇಳಿದ್ದರೆ ಮೊದಲನೇ ದಿನವೇ ಹೇಳೋಳು" ಎಂದ. ಕರೆಂಟು ಹೋದರೆ ಆಡಿದ್ದೆಲ್ಲ ಹೋಯಿತು, ಏಕೆಂದರೆ ಊರ ಹೊರಗೆ ಬಯಲಿಗೆ ಬಂದರೆ ಮಾತ್ರ ಆಟವನ್ನು ಉಳಿಸಿಡಬಹುದು. ಆ ವರ್ಷ ಕರೆಂಟು ಹೋಗದ ಭಾನುವಾರ ಎಷ್ಟಿದ್ದವೆಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ.

ನಾವು ಆ ಆಟ ಮುಗಿಸಲಿಲ್ಲ. ಗೆಳೆಯ ಬೆಂಗಳೂರಿಗೆ ಹೋದ, ನಾನು ಇಲ್ಲೇ ಉಳಿದೆ. ಪುಸ್ತಕ ನನ್ನ ಹತ್ತಿರ ಉಳಿಯಿತು.

ಮುಂದಿನ ಕಥೆ ಸ್ವಲ್ಪ ಬೇಸರದ್ದು. ಗ್ಯಾರಿಯಟ್ 1983ರಲ್ಲಿ ಅಣ್ಣನ ಜೊತೆ ಸೇರಿ ಕಟ್ಟಿದ ಆರಿಜಿನ್ ಕಂಪನಿಯನ್ನು 1992ರಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಎಂಬ ದೊಡ್ಡ ಕಂಪನಿ ಕೊಂಡಿತು. ಅದೇ ವರ್ಷದ ಏಳನೆಯ ಅಲ್ಟಿಮಾ ಬಹಳ ಒಳ್ಳೆಯ ಆಟ. ಅದರಲ್ಲಿ ಊರಿನವರು ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗುತ್ತಾರೆ, ಮಧ್ಯಾಹ್ನ ಊಟ ಮಾಡುತ್ತಾರೆ, ರಾತ್ರಿ ಮಲಗುತ್ತಾರೆ. 1994ರ ಎಂಟನೆಯದರಲ್ಲಿ ಜೊತೆಗಾರರೆಲ್ಲ ಮಾಯ. ಅವತಾರ ಪುರುಷ ಒಬ್ಬನೇ ಕಲ್ಲಿನಿಂದ ಕಲ್ಲಿಗೆ ಹಾರಬೇಕು, ಮಾರಿಯೊ ಹಾಗೆ. ಒಂಬತ್ತನೆಯದು 1999ರ ಕೊನೆಗೆ ಬಂತು. ಮರುವರ್ಷ ಬೆಂಗಳೂರಿನಲ್ಲಿ ಗೆಳೆಯನ ಕೋಣೆಯಲ್ಲಿ ಕೂತು ಅದನ್ನು ನೋಡಿದೆವು. ಮೊದಲ ಸಲ ಆ ದೇಶದ ಸಮುದ್ರ ನೀಲಿಯಾಗಿ ಕಂಡಿತು. ಅಲೆ ಎದ್ದು ಬಿದ್ದಿತು. ನಿಜಕ್ಕೂ ಚೆಂದವಿತ್ತು. ಆದರೆ ನಾಯಕ ಬಾಯಿ ಬಿಟ್ಟರೆ ಆ ದೇಶದ ಮಕ್ಕಳಿಗೂ ಗೊತ್ತಿರುವ ಸಂಗತಿಗಳನ್ನು ಎದುರಿನವರಿಂದ ಕೇಳಿ ತಿಳಿದುಕೊಳ್ಳುತ್ತಿದ್ದ. ಹೊಸದಾಗಿ ಆಟ ಕೊಂಡವರಿಗೆ ಅರ್ಥವಾಗಲಿ ಎಂದು ಅವನ ಬಾಯಲ್ಲಿ ಹಾಗೆ ಮಾತಾಡಿಸಿದ್ದರು. ಗೆಳೆಯ ಸಿಗರೇಟು ಆರಿಸಿ, "ಇವನಿಗೆ ನಮ್ಮಷ್ಟೂ ಗೊತ್ತಿಲ್ಲವಲ್ಲೋ" ಎಂದ. ಆಮೇಲೆ ಆಟ ಪದೇಪದೇ ನಿಂತುಹೋಯಿತು. 2000ದಲ್ಲಿ ಗ್ಯಾರಿಯಟ್ ಕಂಪನಿ ಬಿಟ್ಟ. 2004ರಲ್ಲಿ ಆರಿಜಿನ್ ಮುಚ್ಚಿತು.

ಅಲ್ಲಿಗೆ ಮುಗಿದಿದ್ದರೆ ಸರಿಯಿತ್ತು. 2013ರಲ್ಲಿ ಅದೇ ದೊಡ್ಡ ಕಂಪನಿ ನಮ್ಮ ನಾಲ್ಕನೆಯ ಅಲ್ಟಿಮಾವನ್ನೇ ಫೋನಿಗೆಂದು ಹೊಸದಾಗಿ ಮಾಡಿ, ಅಲ್ಟಿಮಾ ಫಾರೆವರ್ ಎಂದು ಹೆಸರಿಟ್ಟು, ಬಿಟ್ಟಿಯಾಗಿ ಹಂಚಿತು. ಎಂಟು ಗುಣಗಳೂ ಇದ್ದವು. ಪೆಟ್ಟಿಗೆಗಳೂ ಇದ್ದವು. ಪೆಟ್ಟಿಗೆ ತೆಗೆಯಲು ಕಂಚಿನ, ಬೆಳ್ಳಿಯ, ಚಿನ್ನದ ಬೀಗದ ಕೈ ಬೇಕು. ಚಿನ್ನದ್ದರಿಂದ ತೆಗೆದರೆ ಒಳ್ಳೆಯ ಮಾಲು. ಬೀಗದ ಕೈ ಆಡಿ ಗಳಿಸಬಹುದು, ಇಲ್ಲವೇ ನಿಜವಾದ ದುಡ್ಡಿಗೆ ಕೊಳ್ಳಬಹುದು. ಎದುರಿಗಿರುವವಳ ಕಣ್ಣು ಕಾಣದಿದ್ದಾಗ ನೀನು ಎಷ್ಟು ಕೊಡುತ್ತೀ ಎಂದು ಕೇಳಿದ ಆಟದ ವಂಶದಲ್ಲಿ ಇಂಥದ್ದು ಹುಟ್ಟಿತು. 2014ರ ಆಗಸ್ಟಿನಲ್ಲಿ ಅದನ್ನು ನಡೆಸುತ್ತಿದ್ದ ಯಂತ್ರಗಳನ್ನು ನಿಲ್ಲಿಸಿದರು. ಆಟ ಭೂಮಿಯ ಮೇಲೆಯೇ ಇಲ್ಲವಾಯಿತು. ದುಡ್ಡು ಕೊಟ್ಟು ಬೀಗದ ಕೈ ಕೊಂಡವರ ಗತಿ ಏನೆಂದು ಕೇಳಬೇಡಿ. 1985ರ ಆಟವನ್ನು ಇವತ್ತೂ ಯಾರು ಬೇಕಾದರೂ ಆಡಬಹುದು. ನನಗೆ ಸಿಟ್ಟು ಬರುವುದು ಈ ಒಂದು ಜಾಗದಲ್ಲಿ.

ಉಳಿದ ಕಡೆ ಅಷ್ಟು ಖಂಡಿತವಾಗಿ ಹೇಳಲಾರೆ. ಬಾಣದ ವಿಷಯವನ್ನೇ ನೋಡೋಣ. ಎಲ್ಡರ್ ಸ್ಕ್ರಾಲ್ಸ್ ಎಂಬ ಸರಣಿಯ ಮೂರನೆಯ ಆಟ ಮಾರೋವಿಂಡ್ 2002ರಲ್ಲಿ ಬಂತು. ಅದರಲ್ಲಿ ದಾರಿ ಕೇಳಿದರೆ ಜನ ಥೇಟ್ ನಮ್ಮ ಕಾವಲಿನವರ ಹಾಗೆ ಹೇಳುತ್ತಿದ್ದರು: ಸೇತುವೆ ದಾಟು, ಕವಲೊಡೆದಲ್ಲಿ ಉತ್ತರಕ್ಕೆ ಹೋಗು, ಬಂಡೆಯ ಆಚೆ ನೋಡು. ಕೆಲವು ಸಲ ತಪ್ಪಾಗಿಯೂ ಹೇಳುತ್ತಿದ್ದರು! ನಾಲ್ಕು ವರ್ಷದ ನಂತರ, 2006ರಲ್ಲಿ, ಮುಂದಿನ ಆಟ ಆಬ್ಲಿವಿಯನ್ ಬಂದಾಗ ಪರದೆಯ ಕೆಳಗೆ ದಿಕ್ಸೂಚಿ, ಅದರ ಮೇಲೆ ಹೋಗಬೇಕಾದ ಜಾಗದ ಗುರುತು. ನಕ್ಷೆಯ ಮೇಲೆ ಊರನ್ನು ಒತ್ತಿದರೆ ಊರಿಗೇ ಹೋಗಿ ನಿಲ್ಲಬಹುದು. ಕುದುರೆಗೆ ತೊಡಿಸುವ ಕವಚವನ್ನು ಎರಡೂವರೆ ಡಾಲರಿಗೆ ಬೇರೆಯಾಗಿ ಮಾರಿದರು. ಹಳಬರು ಹು‌ಯ್ಯಲಿಟ್ಟರು.

ಬಾಣ ಯಾಕೆ ಬಂತೆಂದು ಯೋಚಿಸಿದರೆ ಬರೀ ಸೋಮಾರಿಗಳಿಗಾಗಿ ಎನ್ನಲಾಗುವುದಿಲ್ಲ. ಮಾರೋವಿಂಡಿನಲ್ಲಿ ಬಹುಪಾಲು ಮಾತು ಅಕ್ಷರದಲ್ಲಿತ್ತು. ಬರೆಯಲು ಖರ್ಚಿಲ್ಲ, ಹುಣಸೇಮರವನ್ನೂ ನಾಯಿಯನ್ನೂ ಸೇರಿಸಬಹುದು. ಆಬ್ಲಿವಿಯನ್ನಿನಲ್ಲಿ ಎಲ್ಲರೂ ಬಾಯಿ ಬಿಟ್ಟು ಮಾತಾಡುತ್ತಾರೆ. ನಟರನ್ನು ಕರೆಸಿ, ದನಿ ಮುದ್ರಿಸಬೇಕು. ಮುದ್ರಿಸಿದ ಮೇಲೆ ಯಾರಾದರೂ ಆ ಹುಣಸೇಮರವನ್ನು ನಕ್ಷೆಯಲ್ಲಿ ಹತ್ತು ಮಾರು ಆಚೆಗಿಟ್ಟರೆ ಮಾತೇ ಸುಳ್ಳಾಗುತ್ತದೆ. ಮಾತನ್ನು ಮೊಟಕು ಮಾಡಿ ಬಾಣ ಇಟ್ಟರೆ ಆ ತೊಂದರೆ ಇಲ್ಲ. ಚಿತ್ರ ಹೆಚ್ಚಿದಂತೆ, ದನಿ ಬಂದಂತೆ ಖರ್ಚು ಏರಿತು. ಖರ್ಚು ಏರಿದಂತೆ ಲಕ್ಷಗಟ್ಟಲೆ ಜನ ಕೊಳ್ಳಲೇಬೇಕಾಯಿತು. ಅಷ್ಟು ಜನರಲ್ಲಿ ಒಬ್ಬನೂ ದಾರಿ ತಪ್ಪಿ ಬೇಸತ್ತು ಬಿಟ್ಟುಹೋಗಬಾರದೆಂದು ಹೆಜ್ಜೆ ಹೆಜ್ಜೆಗೂ ಕೈ ಹಿಡಿಯಬೇಕಾಯಿತು. ಮೂರು ಭಾನುವಾರ ದ್ವೀಪದಲ್ಲಿ ಸುತ್ತಿಸುವ ಧೈರ್ಯ ದೊಡ್ಡ ಬಂಡವಾಳಕ್ಕೆ ಬರುವುದು ಕಷ್ಟ.

ಇದರಲ್ಲಿ ಒಂದು ತಮಾಷೆ ಇದೆ. ಸರಣಿಯನ್ನೇ ಕೆಡಿಸಿತು ಎಂದು 2006ರಲ್ಲಿ ಬೈಸಿಕೊಂಡ ಆ ಆಬ್ಲಿವಿಯನ್ನಿಗೇ 2025ರ ಏಪ್ರಿಲಿನಲ್ಲಿ ಹೊಸ ಬಣ್ಣ ಬಳಿದು ಮತ್ತೆ ಮಾರಿದರು. ಅದನ್ನು ಹುಡುಗರಾಗಿ ಆಡಿದ್ದವರು ಈಗ ದೊಡ್ಡವರಾಗಿ, ಆ ಕಾಲವೇ ಕಾಲ ಎಂದು ಕಣ್ಣು ಒರೆಸಿಕೊಂಡು ಕೊಂಡರು. ಗೆಳೆಯನ ಮಗಳಿಗೂ ಅದೇ ಬಾಲ್ಯದ ಆಟ. ನನ್ನ ಅಲ್ಟಿಮಾದಷ್ಟೇ ಅವಳಿಗೆ ಆ ಬಾಣ ಪ್ರಿಯ.

ನಮ್ಮ ಕಡೆ ಇದು ಹೊಸ ಜಗಳವೇನಲ್ಲ. ಪಾತ್ರ ವಹಿಸುವ ಆಟ ಎಂದು ನಾನು ಹೇಳಿದಾಗ ನನ್ನ ದೊಡ್ಡಪ್ಪ ತಟ್ಟನೆ ಕೇಳಿದ್ದು, "ಯಾರದು, ದುರ್ಯೋಧನಂದಾ?" ಎಂದು. ಹಳೇ ಮೈಸೂರಿನ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಆಡುವವರು ಪಾತ್ರಕ್ಕೆ ದುಡ್ಡು ಪಡೆಯುವುದಿಲ್ಲ, ಕೊಡುತ್ತಾರೆ. ಸಾಮಾನ್ಯವಾಗಿ ದುರ್ಯೋಧನನಿಗೆ ಎಲ್ಲಕ್ಕಿಂತ ಹೆಚ್ಚು. ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ಕಲಿತು ಒಂದು ರಾತ್ರಿ ಅವನಾಗುತ್ತಾರೆ. ಇಂಥ ನಾಟಕಗಳು ಹಬ್ಬುವ ಮೊದಲು ಈ ಬಯಲುಸೀಮೆಯಲ್ಲಿ ಮೂಡಲಪಾಯದ ಆಟಗಳಿದ್ದವು. 1930ರ ದಶಕದಲ್ಲಿ ಗುಬ್ಬಿ ವೀರಣ್ಣನವರ ಕಂಪನಿ ಕುರುಕ್ಷೇತ್ರ ಆಡಿದಾಗ ರಂಗದ ಮೇಲೆ ನಿಜವಾದ ಆನೆ ಕುದುರೆಗಳು ಬಂದವು. ಜನ ಮುಗಿಬಿದ್ದರು. ಹಳೆಯ ಆಟದ ಭಾಗವತರು ಆಗ ಏನಂದುಕೊಂಡಿರಬಹುದು ಎಂದು ನಾನು ಊಹಿಸಬಲ್ಲೆ. ಆನೆ ತಂದರೆ ಆಟವಾಗುತ್ತದೆಯೇ, ಆನೆ ಎಂದು ನಾವು ಹಾಡಿದಾಗ ನೋಡುವವನ ಕಣ್ಣಿಗೆ ಆನೆ ಕಾಣುತ್ತಿತ್ತಲ್ಲ, ಎಂದು. ಅವರ ಮಾತಿನಲ್ಲಿ ಸತ್ಯವಿದೆ. ಆದರೆ ನಾನು ಆ ಕಾಲದಲ್ಲಿ ಹುಡುಗನಾಗಿದ್ದರೆ ಆನೆ ನೋಡಲು ಓಡಿಹೋಗುತ್ತಿದ್ದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಆನೆಯೂ ಇದ್ದು ಆಟವೂ ಇರಬಹುದು ಎಂಬುದಕ್ಕೂ ಉದಾಹರಣೆ ಇದೆ. ಹಳೆಯ ಬಗೆಯ ಆಟ ಬೇಕೆಂದು ಜನ 2012ರಲ್ಲಿ ತಾವೇ ಚಂದಾ ಹಾಕಿ ಸುಮಾರು 40 ಲಕ್ಷ ಡಾಲರ್ ಕೂಡಿಸಿಕೊಟ್ಟು ಪಿಲ್ಲರ್ಸ್ ಆಫ್ ಎಟರ್ನಿಟಿ ಎಂಬುದನ್ನು ಮಾಡಿಸಿಕೊಂಡರು. 1998 ಮತ್ತು 2000ದಲ್ಲಿ ಬಂದು ನಿಂತಿದ್ದ ಬಾಲ್ಡರ್ಸ್ ಗೇಟ್ ಸರಣಿಯ ಮೂರನೆಯದನ್ನು ಇಪ್ಪತ್ತಮೂರು ವರ್ಷದ ನಂತರ, 2023ರಲ್ಲಿ, ಬೆಲ್ಜಿಯಂನ ಲಾರಿಯನ್ ಎಂಬವರು ಮಾಡಿದರು. ದಾಳ ಉರುಳುವುದು ಪರದೆಯ ಮೇಲೇ ಕಾಣುತ್ತದೆ. ಮಾಡಿದ ತಪ್ಪು ಹತ್ತು ಗಂಟೆ ಕಳೆದ ಮೇಲೆ ತಿರುಗಿ ಬಂದು ಬಡಿಯುತ್ತದೆ. ಆ ವರ್ಷದ ಅತ್ಯುತ್ತಮ ಆಟವೆಂಬ ದೊಡ್ಡ ಪ್ರಶಸ್ತಿಯೂ ಅದಕ್ಕೇ ಬಂತು. ಹಳಬರಲ್ಲಿ ಕೆಲವರಿಗೆ ಅದೂ ಸರಿಬರಲಿಲ್ಲ: ಹಳೆಯದರಲ್ಲಿ ಕಾಳಗ ಓಡುತ್ತಲೇ ಇರುತ್ತಿತ್ತು, ಇದರಲ್ಲಿ ಸರದಿಯ ಮೇಲೆ ನಡೆಯುತ್ತದೆ ಎಂದು ತಕರಾರು. ಹಳಬರನ್ನು ಮೆಚ್ಚಿಸುವುದು ಬ್ರಹ್ಮನಿಗೂ ಸಾಧ್ಯವಿಲ್ಲ. ನಾನೂ ಅವರಲ್ಲಿ ಒಬ್ಬ.

ಇನ್ನೊಂದು ವಿಷಯ ಒಪ್ಪಿಕೊಳ್ಳಬೇಕು. 2011ರಲ್ಲಿ ಹಳೆಯ ಆಟಗಳನ್ನು ಮಾರುವ ಕಂಪನಿಯೊಂದು ನಾಲ್ಕನೆಯ ಅಲ್ಟಿಮಾವನ್ನು ಉಚಿತವಾಗಿ ಕೊಡತೊಡಗಿತು, ಪುಸ್ತಕಗಳ ಸಮೇತ. ನಾನು ಆಸೆಯಿಂದ ಇಳಿಸಿಕೊಂಡೆ. ಬಣ್ಣದಲ್ಲಿ ನೋಡಿದೆ. ದ್ವೀಪದಲ್ಲಿ ಶುರುವಾಯಿತು, ಬಾಗಿಲು ಯಾವಾಗ ಏಳುತ್ತದೆಂದು ಹತ್ತು ಸೆಕೆಂಡಿನಲ್ಲಿ ಹುಡುಕಿ ನೋಡಿದೆ. ಮಂತ್ರದ ಬೆರಕೆ ಪುಸ್ತಕದಲ್ಲಿತ್ತು. ಕುರುಡಿಗೆ ಪೂರ್ತಿ ದುಡ್ಡು ಕೊಟ್ಟೆ, ಯಾಕೆಂದರೆ ಕೊಡದಿದ್ದರೆ ಏನಾಗುತ್ತದೆಂದು ಗೊತ್ತಿತ್ತು. ಒಂದು ಗಂಟೆಯಲ್ಲಿ ಬೇಸರ ಬಂದು ಮುಚ್ಚಿಟ್ಟೆ. ಬಾಣವನ್ನು ಯಾರೂ ನನ್ನ ಪರದೆಯ ಮೇಲೆ ಇಟ್ಟಿರಲಿಲ್ಲ, ನಾನೇ ಹುಡುಕಿ ತಂದು ಇಟ್ಟುಕೊಂಡೆ. ಪಕ್ಕದ ಕುರ್ಚಿಯೂ ಖಾಲಿ ಇತ್ತು. ಆಟದ ಮೇಲೆ ಹೊರಿಸಿದ ಎಷ್ಟು ಪ್ರೀತಿ ಆಟದ್ದು, ಎಷ್ಟು ಆ ಕುರ್ಚಿಯದ್ದು ಎಂದು ಅಂದಿನಿಂದ ನನಗೆ ಗೊಂದಲವಿದೆ. ಮೋಸದ ಆ ಎರಡು ತಿಂಗಳು ಮಾತ್ರ ಆಟದ್ದೇ ಎಂದು ಧೈರ್ಯವಾಗಿ ಹೇಳಬಲ್ಲೆ.

ಅವಳ ಮರದ ಬಗ್ಗೆ ನಾನು ಆಡಿದ ಮಾತು ಎಷ್ಟು ತಪ್ಪು ಎಂದು ಹೊಳೆದದ್ದು ಅವಳ ಅಪ್ಪ ರಾತ್ರಿ ಹೇಳಿದ ಮೇಲೆ. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಶುರುಮಾಡಿದಾಗ, ಅಂದರೆ ನಾವು ಇಲ್ಲಿ ಮೂಲಿಕೆ ಬೆರೆಸುತ್ತ ಕೂತಿದ್ದ ಕಾಲಕ್ಕೆ, ಈ ದೇಶದಲ್ಲಿ ಆಟ ಮಾಡುವ ಕೆಲಸ ಎಂಬುದೇ ಒಂದು ಸಾಹಸ. ಆ ಕಂಪನಿಯನ್ನು 2019ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಕೊಂಡಿತು. ಈಗ ಬೆಂಗಳೂರಿನಲ್ಲಿ ಸಾವಿರಾರು ಹುಡುಗ ಹುಡುಗಿಯರು ಹೊರದೇಶದ ದೊಡ್ಡ ಆಟಗಳಿಗೆ ಕಲ್ಲು, ಗೋಡೆ, ಬಟ್ಟೆಯ ಮಡಿಕೆ, ಕುದುರೆಯ ಬಾಲ ಮಾಡಿಕೊಡುತ್ತಾರೆ. ಯಾವ ಆಟಕ್ಕೆ ಎಂದು ಬಿಡುಗಡೆಯಾಗುವವರೆಗೆ ಮನೆಯಲ್ಲೂ ಬಾಯಿ ಬಿಡುವಂತಿಲ್ಲ. ಕಥೆ ಏನು, ಆಡುವವನು ಆ ಮರದ ಕೆಳಗೆ ನಿಲ್ಲುತ್ತಾನೋ ಬಾಣ ನೋಡಿಕೊಂಡು ಓಡಿಹೋಗುತ್ತಾನೋ, ಅದು ಇವರ ಕೈಯಲ್ಲಿಲ್ಲ. "ಅವಳ ಮರ ಇದ್ದ ಜಾಗಕ್ಕೆ ಜನ ಬರೋದೇ ಇಲ್ವಂತೆ ಕಣೋ. ಬಾಣ ಬೇರೆ ಕಡೆ ತಿರುಗುತ್ತಂತೆ" ಎಂದ ಗೆಳೆಯ.

ಬೆಳಿಗ್ಗೆ ಅಟ್ಟದಿಂದ ಆ ಚೌಕಳಿ ಪುಸ್ತಕ ತೆಗೆದು ತಂದು ಅವಳ ಮುಂದಿಟ್ಟೆ. ಮಾತಿಲ್ಲದೆ ಪುಟ ತಿರುಗಿಸಿದಳು. ಅಪ್ಪನ ಹದಿನೆಂಟರ ಅಕ್ಷರವನ್ನು ಅವಳು ನೋಡಿದ್ದು ಅದೇ ಮೊದಲಂತೆ. ನಕ್ಷೆಯ ಮೂಲೆಯಲ್ಲಿ ಒಂದು ಜೌಗಿನ ಮೇಲೆ ಬೆರಳಿಟ್ಟು, "ಇಲ್ಲಿ ಅಮಾವಾಸ್ಯೆ ಅಂತ ಯಾಕೆ ಬರೆದಿದೆ?" ಎಂದು ಕೇಳಿದಳು. ಎಂಟು ಮೂಲಿಕೆಗಳಲ್ಲಿ ಎರಡು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಎರಡು ಚಂದ್ರರೂ ಒಟ್ಟಿಗೆ ಕಪ್ಪಾದಾಗ ಗೊತ್ತಾದ ಒಂದು ಚೌಕದಲ್ಲಿ ನಿಂತು ಹುಡುಕಬೇಕು. ಯಾವುದೋ ಊರಿನ ಹೆಂಡದಂಗಡಿಯಲ್ಲಿ ಯಾರೋ ಹೇಳಿದ್ದನ್ನು ಕೇಳಿ ಗುರುತು ಮಾಡಿಟ್ಟಿದ್ದೆವು. ಹುಡುಕಿ ನೋಡುವ ಮೊದಲು ಗೆಳೆಯ ಊರು ಬಿಟ್ಟಿದ್ದ.

ಅವಳು ಲ್ಯಾಪ್‌ಟಾಪ್ ತಂದು ಆಟ ಇಳಿಸಿಕೊಂಡಳು. ಉತ್ತರವನ್ನು ಎಲ್ಲೂ ಹುಡುಕಬಾರದು, ಪುಸ್ತಕದಲ್ಲಿದ್ದಷ್ಟೇ ನಮಗೆ ಗೊತ್ತಿರುವುದು ಎಂದು ಮೂವರೂ ಒಪ್ಪಿಕೊಂಡೆವು. ಅಲೆಮಾರಿ ಹೆಂಗಸಿನ ಏಳು ಪ್ರಶ್ನೆಗೆ ಅವಳು ನಮ್ಮನ್ನು ಕೇಳದೆ ಉತ್ತರ ಕೊಟ್ಟಳು. ಅವಳು ಕುರುಬಳಾಗಲಿಲ್ಲ. ದಯೆಯ ಕಡೆಗೆ ವಾಲಿ, ಹಾಡುಗಾರ್ತಿಯಾದಳು. ಜೌಗು ದೂರವಿತ್ತು. ಅಲ್ಲಿಗೆ ಹೋಗಿ ಮುಟ್ಟುವಷ್ಟರಲ್ಲಿ ಹಿತ್ತಲಿನಲ್ಲಿ ಮಕ್ಕಳು ಪಟಾಕಿ ಹಚ್ಚಲು ಶುರು ಮಾಡಿದ್ದರು. ಗೆಳೆಯ ಪುಸ್ತಕ ಹಿಡಿದು ಚೌಕ ಎಣಿಸಿದ. ಪರದೆಯ ಮೇಲ್ತುದಿಯಲ್ಲಿ ಒಂದು ಚಂದ್ರ ಕಪ್ಪಾಗಿತ್ತು, ಇನ್ನೊಂದು ಅರ್ಧ ಇತ್ತು.

"ಎಷ್ಟು ಹೊತ್ತು ಕಾಯಬೇಕು?" ಎಂದಳು.

"ಗೊತ್ತಿಲ್ಲ" ಎಂದ ಅವಳಪ್ಪ.